ಸೆಲ್ ಜ್ವಾಕಿ

ಒಡೆದ ಸೆಲ್ಲಿಗೆ ಅದರದೇ ಆದ ಒಂದು ವಾಸನೆ ಇರುತ್ತದೆ. ಹುಳಿ ಎಂದರೆ ಪೂರ್ತಿ ಹುಳಿಯಲ್ಲ, ಉಪ್ಪು ಎಂದರೆ ಉಪ್ಪೂ ಅಲ್ಲ. ಮೂಗಿನೊಳಗೆ ಸ್ವಲ್ಪ ಚುಚ್ಚುತ್ತದೆ, ಆಮೇಲೆ ಬಹಳ ಹೊತ್ತು ಬಾಯಿಯಲ್ಲಿ ತಾಮ್ರದ ಬಿಲ್ಲೆ ಇಟ್ಟುಕೊಂಡ ಹಾಗೆ ಅನಿಸುತ್ತದೆ. ಮೊನ್ನೆ ಅಂಗಡಿಯ ಅಟ್ಟ ಖಾಲಿ ಮಾಡುವಾಗ ಒಂದು ಅಲ್ಯೂಮಿನಿಯಂ ಡಬ್ಬಿಯ ಮುಚ್ಚಳ ತೆಗೆದೆ, ಆ ವಾಸನೆ ಗಪ್ಪನೆ ಮುಖಕ್ಕೆ ಬಡಿಯಿತು. ಕೆಳಗೆ ಕಸ ಗುಡಿಸುತ್ತಿದ್ದ ಸೊಸೆ, "ಮಾವಾರ, ಅಟ್ಟದ ಮ್ಯಾಲ ಏನರ ಸತ್ತೈತೇನ್ರಿ?" ಎಂದು ಕೂಗಿದಳು. ಅಲ್ಲೇ ಇದ್ದ ಹಳೆಯ ಪೆಟ್ಟಿಗೆಯೊಂದರ ಮೇಲೆ ಕೂತುಬಿಟ್ಟೆ...

ಆ ಡಬ್ಬಿ ಸಾಹೇಬರದು. ಬಜಾರದಲ್ಲಿ ಅವರನ್ನು ಎಲ್ಲರೂ ಸೆಲ್ ಸಾಹೇಬರು ಎನ್ನುತ್ತಿದ್ದರು. ಎದುರಿಗೆ ಅಲ್ಲ, ಹಿಂದಿನಿಂದ. ಆದರೆ ಅವರಿಗೆ ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

ದಾಂಡೇಲಿಯ ಬಜಾರದಲ್ಲಿ ನನ್ನದು ರೇಡಿಯೋ ರಿಪೇರಿಯ ಅಂಗಡಿ. ಈಗ ಮಗ ನಡೆಸುತ್ತಾನೆ, ಮೊಬೈಲಿನ ಕವರು, ಚಾರ್ಜರು ಮಾರುತ್ತಾನೆ. ನಾನು ಮೂಲೆಯ ಸ್ಟೂಲಿನ ಮೇಲೆ ಕೂತು ಯಾರಿಗೂ ಬೇಡದ ಸಲಹೆ ಕೊಡುತ್ತೇನೆ. ನಾನು ಹೇಳುತ್ತಿರುವುದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಕಾಡಿನ ಊರುಗಳಿಗೆ ಆಗ ಕರೆಂಟ್ ಇರಲಿಲ್ಲ. ಜೊಯಿಡಾ ಕಡೆಯವರು, ಹಳಿಯಾಳದ ಆಚೆಯವರು ಎಲ್ಲರಿಗೂ ಟಾರ್ಚಿಗೆ, ರೇಡಿಯೋಕ್ಕೆ ಸೆಲ್ಲೇ ಗತಿ. ಆದರೆ ಮಂದಿ ಸೆಲ್ ಬಳಸುವ ರೀತಿ ಇತ್ತಲ್ಲ, ಅದು ಸೆಲ್ ಮಾರುವವನ ಹೊಟ್ಟೆ ಉರಿಸುವಂಥದ್ದು. ರಾತ್ರಿ ರೇಡಿಯೋ ಬಂದ್ ಮಾಡಿದ ಮೇಲೆ ಸೆಲ್ ತೆಗೆದು ಬದಿಗಿಡುತ್ತಿದ್ದರು. ಸೋತ ಸೆಲ್ಲನ್ನು ಬಿಸಿಲಿಗೆ ಒಣಗಹಾಕುತ್ತಿದ್ದರು. ಮಳೆಗಾಲದಲ್ಲಿ ಬಿಸಿಲಿಲ್ಲದಿದ್ದರೆ ಒಲೆಯ ಮೇಲಿನ ಜಂತಿಗೆ ಕಟ್ಟಿದ ತಟ್ಟಿಯ ಮೇಲೆ, ಒಣಮೀನು, ಹಸಿ ಕಟ್ಟಿಗೆಯ ಜೊತೆ ಇಡುತ್ತಿದ್ದರು. ಬೆಚ್ಚಗಾದ ಸೆಲ್ ಇನ್ನೊಂದೆರಡು ದಿನ ಮಿಣಿಮಿಣಿ ಅನ್ನುತ್ತಿತ್ತು ಎನ್ನುವುದೂ ಖರೆಯೇ. ಯಾವ ಊರಿಗೆ ಹೋದರೂ ಕಟ್ಟೆಯ ಮೇಲೆ ಹಪ್ಪಳದ ಪಕ್ಕದಲ್ಲಿ ಸೆಲ್ಲುಗಳು ಬಿಸಿಲು ಕಾಯಿಸುತ್ತಿದ್ದವು. ನಾನು ಅವನ್ನು ನೋಡಿ ಬೈದುಕೊಳ್ಳುತ್ತ ಹೋಗುತ್ತಿದ್ದೆ. ಮಂದಿ ಹಿಂಗ ಜ್ವಾಕಿ ಮಾಡಿದರೆ, ಇಷ್ಟು ಜೋಪಾನ ಮಾಡಿದರೆ, ನಾನು ಉಣ್ಣುವುದು ಏನು?

ಸಾಹೇಬರು ಕಾಗದದ ಕಾರ್ಖಾನೆಯಲ್ಲಿ ಅಳತೆಯ ಯಂತ್ರಗಳನ್ನು ನೋಡಿಕೊಳ್ಳುವ ಇಂಜಿನಿಯರ್ ಆಗಿದ್ದರು. ನಲವತ್ತೈದು ದಾಟಿರಬೇಕು. ಧಾರವಾಡದ ಕಡೆಯವರು, ಹೆಂಡತಿ ಮಕ್ಕಳು ಅಲ್ಲೇ ಇದ್ದರು, ಇಲ್ಲಿ ಕ್ವಾರ್ಟರ್ಸಿನಲ್ಲಿ ಒಬ್ಬರೇ ಅನ್ನ ಬೇಯಿಸಿಕೊಂಡು ಇರುತ್ತಿದ್ದರು. ಮೊದಲ ಸಲ ಅಂಗಡಿಗೆ ಬಂದಾಗ ಸೆಲ್ ಕೇಳಿದರು. ಕೊಟ್ಟೆ. ಜೇಬಿನಿಂದ ತಮ್ಮದೇ ಮೀಟರ್ ತೆಗೆದು ಒಂದೊಂದನ್ನೂ ಅಳೆಯತೊಡಗಿದರು. ಅಳೆದು, ಪಕ್ಕಕ್ಕಿಟ್ಟು, ಇನ್ನೊಂದು ಕೇಳಿದರು. ನನಗೆ ರೇಗಿತು.

"ಸಾಹೇಬ್ರ, ಬದನೀಕಾಯಿ ಆರಿಸಿದಂಗ ಆರಸಬ್ಯಾಡ್ರಿ. ಎಲ್ಲಾ ಒಂದ ಪೆಟಗಿ ಒಳಗಿನ್ವು."

ಅವರು ತಲೆ ಎತ್ತಲಿಲ್ಲ. "ನನ್ನ ಡಬ್ಬಿ ಪೂರಾ ಮಳಿಗಾಲ ಕಾಡಿನ್ಯಾಗ ಒಂಟಿ ಕುಂದರೂದೈತ್ರಿ. ಬುತ್ತಿ ಗಟ್ಟಿ ಇರಬೇಕಲ್ಲ?"

ಯಾವ ಡಬ್ಬಿ, ಯಾವ ಬುತ್ತಿ, ಒಂದೂ ತಿಳಿಯಲಿಲ್ಲ. ತಲೆ ಸ್ವಲ್ಪ ಸಡಿಲ ಇರಬೇಕು ಅಂದುಕೊಂಡೆ. ಆದರೆ ಮನುಷ್ಯ ಮತ್ತೆ ಮತ್ತೆ ಬಂದರು. ಡ್ಯೂಟಿ ಮುಗಿಸಿ ಬರುವಾಗ ಅಂಗಿಗೆ ಬಿದಿರು ಬೇಯಿಸಿದ ವಾಸನೆ ಇರುತ್ತಿತ್ತು, ಕಣ್ಣು ಸೋತಿರುತ್ತಿದ್ದವು. ಬಂದವರು ಬೆಂಚಿನ ಮೇಲೆ ಕೂರುವಾಗ ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಊರಿ, "ಅಯ್ಯ" ಎಂದು ನಿಧಾನಕ್ಕೆ ಇಳಿಯುತ್ತಿದ್ದರು. ಆ "ಅಯ್ಯ" ಈಗ ನನ್ನ ಬಾಯಿಗೆ ಬಂದಿದೆ.

ಅವರ ಡಬ್ಬಿಯ ಗುಟ್ಟು ನನಗೆ ತಿಳಿದದ್ದು ಒಂದು ಗಡಿಯಾರದಿಂದ. ಆಗ ಜೊಯಿಡಾ ಕಡೆಯ ರಾಮನಗರದ ಅಂಗಡಿಗಳಿಗೆ ಗೋವಾ ಕಡೆಯಿಂದ ಕರೀ ಪಟ್ಟಿಯ ಡಿಜಿಟಲ್ ಗಡಿಯಾರಗಳು ಬರುತ್ತಿದ್ದವು. ನಾನೂ ಒಂದು ಕಟ್ಟಿಕೊಂಡು, ಸಾಹೇಬರಿಗೆ ಕಾಣಲಿ ಎಂದು ತೋಳು ಏರಿಸಿಕೊಂಡು ಕೂತಿದ್ದೆ. ಅವರು ಕೈಹಿಡಿದು ನೋಡಿ, ಶೇಂಗಾ ಬೀಜದಷ್ಟು ಸೆಲ್ಲಿನ ಮೇಲೆ ಇದು ವರ್ಷ ನಡೆಯುವುದು ಹೇಗೆ ಗೊತ್ತೇ ಎಂದು ಕೇಳಿದರು. ನನಗೆಲ್ಲಿ ಗೊತ್ತು? ಆಗ ಹೇಳಿದರು. ಲೆಕ್ಕ ಮಾಡುವ, ನೆನಪಿಡುವ ಚಿಪ್ಪುಗಳಲ್ಲಿ ಎರಡು ಜಾತಿ. ಮೊದಲು ಬಂದ ಜಾತಿ ಕೆಲಸ ಇರಲಿ ಬಿಡಲಿ ಕರೆಂಟ್ ತಿನ್ನುತ್ತದೆ, ಮುಟ್ಟಿದರೆ ಕೈ ಸುಡುತ್ತದೆ. ಈ ಗಡಿಯಾರದಲ್ಲಿರುವ ಇನ್ನೊಂದು ಜಾತಿಯೊಳಗೆ ಎಲ್ಲ ಕಡೆ ಜೋಡಿ ಬಾಗಿಲು.

"ಒಂದ ತೆರದಾಗ ಇನ್ನೊಂದ ಮುಚ್ಚಿರತೈತಿ. ಎರಡೂ ಕೂಡೆ ತೆರಿಯೂದ ಇಲ್ಲ. ಹಂಗಾಗಿ ಕರೆಂಟ್ ಸುಮ್ಮ ಹರದು ಹೋಗೂದಿಲ್ಲ. ಕೆಲಸ ಇದ್ದಾಗಷ್ಟ ಉಣ್ಣತೈತಿ."

"ಹಂಗಾರ ಇದು ನಮ್ಮ ದಿನಗೂಲಿಯವ್ರ ಜಾತಿ ಅನ್ರಿ," ಎಂದೆ.

ಸಾಹೇಬರು ನಕ್ಕಿದ್ದನ್ನು ಅವತ್ತೇ ಮೊದಲು ನೋಡಿದ್ದು. ನಗುತ್ತ ನಗುತ್ತ ಕೆಮ್ಮು ಬಂತು, ನೀರು ಕೊಟ್ಟೆ.

ಕಾರ್ಖಾನೆಗೆ ಬರುವ ಮೊದಲು ಅವರು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿದ್ದರು. ಒಂದು ಕೋಣೆ, ಐದಾರು ಮಂದಿ. ಅಂಥ ಕಡಿಮೆ ಉಣ್ಣುವ ಚಿಪ್ಪನ್ನು, ಬರೀ ಗಡಿಯಾರದ್ದಲ್ಲ, ಪೂರ್ತಿ ಲೆಕ್ಕ ಮಾಡುವ ಮೈಕ್ರೊಪ್ರೊಸೆಸರನ್ನು, ನಾವೇ ಮಾಡಬೇಕು ಎಂದು ಹಟ ಹಿಡಿದಿದ್ದರು. ಉಗುರಿನಷ್ಟು ಚಿಪ್ಪಿನ ನಕ್ಷೆ ಮೊದಲು ಚಾಪೆಯಷ್ಟು ದೊಡ್ಡದಾಗಿ ತಯಾರಾಗಬೇಕಂತೆ. ಕೆಂಪು ಹಾಳೆಯನ್ನು ಕೆಳಗೆ ದೀಪ ಇರುವ ಮೇಜಿನ ಮೇಲೆ ಹಾಸಿ, ಗೆರೆಗೆ ಗೆರೆ ಬ್ಲೇಡಿನಲ್ಲಿ ಕತ್ತರಿಸಿ ಸುಲಿಯಬೇಕಂತೆ. ಮೇಜಿನ ನಡುವೆ ಕೈ ಎಟುಕದಾಗ ಅದರ ಮೇಲೇ ಮೊಣಕಾಲೂರಿ ಕೂತು ಕತ್ತರಿಸುತ್ತಿದ್ದರಂತೆ. ಒಂದು ಗೆರೆ ತಪ್ಪಿದರೆ ವರ್ಷದ ಕೆಲಸ ಹೋಯಿತು. ಮೊಣಕಾಲು ಹೋದದ್ದು ಅಲ್ಲೇ. ಹೊರದೇಶಕ್ಕೆ ಕಳಿಸಿ ಮಾಡಿಸಿಕೊಂಡು ಬಂದ ಚಿಪ್ಪುಗಳಲ್ಲಿ ಜೀವ ಇದ್ದದ್ದು ಬೆರಳೆಣಿಕೆಯಷ್ಟು. ಅಷ್ಟರಲ್ಲಿ ಹೊರಗಿನವರದೇ ಅಂಥ ಚಿಪ್ಪು ಪೇಟೆಗೆ ಬಂತು. ನಮ್ಮದು ಯಾಕೆ ಬೇಕು ಎನ್ನುವ ಮಾತು ಶುರುವಾಯಿತು. ಕೋಣೆಯ ಮಂದಿ ಒಬ್ಬೊಬ್ಬರಾಗಿ ಚದುರಿದರು. ಸಾಹೇಬರು ದಾಂಡೇಲಿಗೆ ಬಂದರು, ಬರುವಾಗ ಜೀವ ಇದ್ದ ಒಂದು ಚಿಪ್ಪನ್ನು ಕೇಳಿ ತಂದರು.

ಬೆಂಗಳೂರಿನ ಹಿರಿಯರೊಬ್ಬರು ಅವರಿಗೆ ಒಂದು ಮಾತು ಕೊಟ್ಟಿದ್ದರು. ಕರೆಂಟ್ ಇಲ್ಲದ ಕಾಡಿನಲ್ಲಿ, ಯಾರ ಕೈಯೂ ತಗಲದ ಹಾಗೆ, ಒಂದು ಮಳೆಗಾಲ ನಿಮ್ಮ ಚಿಪ್ಪು ಬರೀ ಸೆಲ್ ಮೇಲೆ ಕೆಲಸ ಮಾಡಿ ತೋರಿಸಲಿ, ಕೋಣೆ ಮತ್ತೆ ತೆರೆಯುತ್ತೇವೆ, ನೀವೂ ಬನ್ನಿ. ಅಷ್ಟೇ. ಅದೊಂದು ಮಾತಿನ ಮೇಲೆ ಸಾಹೇಬರು ಡ್ಯೂಟಿ ಮುಗಿಸಿ ಬಂದು ಎಷ್ಟೋ ಸಂಜೆ ಬೆಸುಗೆ ಹಾಕುತ್ತ ಕೂತರು. ಆ ಡಬ್ಬಿ ಹಳ್ಳದ ದಂಡೆಯಲ್ಲಿ ಒಂದು ಕಂಬದ ಮೇಲೆ ಕೂರುವುದು. ಹಳ್ಳಕ್ಕೆ ಇಳಿಬಿಟ್ಟ ಕೊಳವೆಯಲ್ಲಿ ಒಂದು ತೇಲುಬುಂಡೆ. ಡಬ್ಬಿ ಹೊತ್ತು ಹೊತ್ತಿಗೆ ಎಚ್ಚರವಾಗಿ, ನೀರು ಎಷ್ಟು ಏರಿದೆ ನೋಡಿ, ನೆನಪಿಟ್ಟುಕೊಂಡು, ಮತ್ತೆ ಮಲಗುವುದು. ಎಚ್ಚರಾದಾಗ ಒಂದು ಸಣ್ಣ ಕೆಂಪು ದೀಪ ಮಿಣಕ್ ಅನ್ನುತ್ತಿತ್ತು.

"ಎಲ್ಲಾ ನೆನಪೂ ಸೆಲ್ ಇರೂತನಕ ಅಷ್ಟರಿ," ಎಂದು ಅವರು ಒಮ್ಮೆ ಹೇಳಿದ್ದರು. "ಸೆಲ್ ತಗದ್ರ ಪಾಟಿ ಒರಸಿದಂಗ. ಮತ್ತ ಮೊದಲನೇ ದಿನದಿಂದ ಶುರು."

ಆ ಚಿಪ್ಪಿಗೆ ಇನ್ನೊಂದು ಹುಳುಕಿತ್ತು. ಚಳಿಗಾಲದಲ್ಲಿ ನಾನು ಮುಂಡಗೋಡದ ಟಿಬೆಟನ್ ಕಾಲೊನಿಯಿಂದ ಒಂದು ಉಣ್ಣೆಯ ಸ್ವೆಟರ್ ತಂದು ಹಾಕಿಕೊಂಡು ಅವರ ಕ್ವಾರ್ಟರ್ಸಿಗೆ ಹೋದೆ. ಮೇಜಿನ ಹತ್ತಿರ ಬಗ್ಗಿದ್ದೇ ತಡ, "ಹಿಂದ ಸರೀರಿ!" ಎಂದು ಕೂಗಿದರು. ಉಣ್ಣೆ ಬಟ್ಟೆ ತೆಗೆಯುವಾಗ ಚಿಟಿಚಿಟಿ ಅನ್ನುತ್ತದಲ್ಲ, ಅಷ್ಟು ಸಾಕಂತೆ ಆ ಚಿಪ್ಪಿನ ಪ್ರಾಣ ಹೋಗಲು. ಸ್ವೆಟರ್ ಹೊರಗೆ ಬಿಚ್ಚಿಟ್ಟು, ಮೈಯ ಕರೆಂಟ್ ಇಳಿಯಲಿ ಎಂದು ನಲ್ಲಿ ಮುಟ್ಟಿ, ಆಮೇಲೆ ಒಳಗೆ ಬರಬೇಕು. ನಮ್ಮ ಅಜ್ಜಿಗೆ ಉಣ್ಣೆಯೇ ಮಡಿ, ಸಾಹೇಬರಿಗೆ ಉಣ್ಣೆಯೇ ಮೈಲಿಗೆ. ಹೊಸ ಸ್ವೆಟರ್ ಇದ್ದೂ ಆ ಚಳಿಗಾಲವೆಲ್ಲ ಅವರ ಮನೆಯಲ್ಲಿ ನಡುಗುತ್ತ ಕೂತವನು ನಾನು.

ಮಳೆ ಹಿಡಿಯುವುದಕ್ಕೆ ಸ್ವಲ್ಪ ಮೊದಲು, ಒಂದು ರವಿವಾರ, ಇಬ್ಬರೂ ಡಬ್ಬಿ ಇಡಲು ಹೊರಟೆವು. ಜೊಯಿಡಾವರೆಗೆ ಬಸ್ಸು, ಅಲ್ಲಿಂದ ಕಾರ್ಖಾನೆಗೆ ಬಿದಿರು ತರಲು ಹೋಗುವ ಲಾರಿ. ಮಳೆ ಶುರುವಾದರೆ ಆ ಲಾರಿ ರಸ್ತೆ ಬಂದ್. ಆಮೇಲೆ ಮಳೆ ನಿಲ್ಲುವ ತನಕ ಅತ್ತ ಯಾರೂ ಹೋಗುವುದಿಲ್ಲ. ಸಾಹೇಬರಿಗೆ ಅಂಥದೇ ಜಾಗ ಬೇಕಾಗಿತ್ತು.

ಹಳ್ಳದ ಹತ್ತಿರ ಇದ್ದದ್ದು ಒಂದೇ ಮನೆ. ಸಿದ್ದಿ ಹೆಂಗಸು, ನಡುವಯಸ್ಸು, ಗದ್ದೆಯ ತುಂಡೊಂದನ್ನು ಮಾಡಿಕೊಂಡು ತಾಯಿಯ ಜೊತೆ ಇದ್ದಳು. ಮನೆಯ ಒಳಗೋಡೆಯ ಮೇಲೆ ಮೇರಿ ಮಾತೆಯ ಪಟ, ಅದಕ್ಕೆ ಕಾಡಿನ ಹೂವು. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ. ಸಾಹೇಬರು ಅವಳನ್ನು, ಆ ಕಡೆ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಹಾಗೆ, ಬಾಯಿ ಎಂದು ಕರೆದರು, ನಾನೂ ಹಾಗೇ ಕರೆದೆ. ಡಬ್ಬಿ ಯಾಕೆ ಎಂದು ಅವಳು ಕೇಳಿದಳು. ಹಳ್ಳದ ನೀರು ಅಳೆಯಲು ಎಂದಾಗ ಹಳ್ಳದ ಕಡೆ ತಿರುಗಿ ಹೇಳಿದಳು. ಹಿಂದಿನ ವರ್ಷ ಅವಳ ತಮ್ಮ ಆ ಹಳ್ಳ ದಾಟುವಾಗ ಮೇಲಿನ ಮಳೆಯ ನೀರು ಒಮ್ಮೆಲೇ ಬಂದು ಅವನನ್ನು ಕೊಚ್ಚಿಕೊಂಡು ಹೋಗಿತ್ತು. ಇಲ್ಲಿ ಮಳೆಯೇ ಇರಲಿಲ್ಲವಂತೆ, ಬಿಸಿಲು ಇತ್ತಂತೆ.

ಸಾಹೇಬರು ಅವಳಿಗೆ ಹೇಳಿದರು, ಈ ಡಬ್ಬಿ ಒಂದು ಮಳೆಗಾಲ ಸರಿಯಾಗಿ ನಡೆದರೆ ಮುಂದೆ ಇಂಥವನ್ನು ಹಳ್ಳದ ಮೇಲ್ಭಾಗದಲ್ಲಿ ಇಡಬಹುದು, ಅಲ್ಲಿ ನೀರು ಏರಿದ ಕೂಡಲೇ ಇಲ್ಲಿ ಗಂಟೆ ಬಾರಿಸುವ ಹಾಗೆ ಮಾಡಬಹುದು. ಬರೀ ಬಾಯಿಮಾತಿಗೆ ಹೇಳಿದ್ದಲ್ಲ. ಅದು ಅವರ ಮನಸ್ಸಿನಲ್ಲಿ ಮೊದಲಿನಿಂದಲೂ ಇತ್ತು. ಗಂಟೆ ಎಂದಾಗ ಅವಳು ಡಬ್ಬಿಯನ್ನು ನೋಡಿದ ರೀತಿಯೇ ಬದಲಾಯಿತು.

ದೀಪ ತೋರಿಸಿದರು. ದೀಪ ಪೂರ್ತಿ ನಿಂತೇಹೋದರೆ ಮಾತ್ರ ಮುಚ್ಚಳ ತೆಗೆದು, ಪಕ್ಕದ ತಗಡಿನ ಡಬ್ಬಿಯಲ್ಲಿರುವ ಹೊಸ ಸೆಲ್ ಹಾಕಬೇಕು ಎಂದು ಮುಚ್ಚಳ ತೆಗೆಯುವುದನ್ನೂ ಕಲಿಸಿದರು. ಇನ್ನೂ ಏನೋ ಹೇಳುವವರಿದ್ದರು. ಅಷ್ಟರಲ್ಲಿ ಬಿದಿರು ತುಂಬಿದ ಲಾರಿಯವನು ಹಾರ್ನ್ ಬಾರಿಸತೊಡಗಿದ, ಮೋಡ ಬೇರೆ ಕವಿದಿತ್ತು. ಸಾಹೇಬರು ಏಳುತ್ತ, ಅವಸರದಲ್ಲಿ, ನಮ್ಮ ಕಡೆ ಯಾವುದನ್ನು ಒಪ್ಪಿಸಿ ಹೋಗುವಾಗಲೂ ಹೇಳುವ ಮಾತನ್ನು ಹೇಳಿದರು.

"ಇದರ ಜೀವಾ ಎಲ್ಲಾ ಸೆಲ್ ಒಳಗ ಐತಿ ನೋಡ್ರಿ, ಬಾಯಿ. ಸೆಲ್ ಜ್ವಾಕಿ."

"ಜ್ವಾಕಿ ಮಾಡ್ತೇನ್ರಿ," ಎಂದಳು ಅವಳು.

ಆ ಮಳೆಗಾಲ... ಸಾಹೇಬರು ಸಂಜೆ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತು ತಗಡಿನ ಮೇಲೆ ಬೀಳುವ ಮಳೆ ಕೇಳುತ್ತಿದ್ದರು. ಮಳೆ ಜೋರಾದಾಗ, "ಈಗ ಏರಿರಬೇಕು" ಅನ್ನುತ್ತಿದ್ದರು. ಅಷ್ಟೇ. ಕೆಮ್ಮು ಹೆಚ್ಚಾಗಿತ್ತು. ಕಾರ್ಖಾನೆಯಲ್ಲಿ ಕೆಲಸವೂ ಹೆಚ್ಚು, ಒಮ್ಮೊಮ್ಮೆ ಕೂತಲ್ಲೇ ತೂಕಡಿಸುತ್ತಿದ್ದರು. ಅವರ ಆಯುಷ್ಯದ ಅರ್ಧ ಅಲ್ಲಿ ಕಾಡಿನಲ್ಲಿ ಒಂದು ಕಂಬಕ್ಕೆ ನೇತುಬಿದ್ದಿದೆ ಎನ್ನುವುದು ನನಗೆ ಗೊತ್ತಿತ್ತು. ಅದಕ್ಕೇ ನಾನು ಆ ದಿನಗಳಲ್ಲಿ ಅವರನ್ನು ಚೇಷ್ಟೆ ಮಾಡುತ್ತಿರಲಿಲ್ಲ.

ದಸರಾ ಮುಗಿದ ಮೇಲೆ ಲಾರಿ ರಸ್ತೆ ತೆರೆಯಿತು. ಹೋದೆವು. ಬೆಳಗಿನ ಹೊತ್ತು, ಹಳ್ಳ ಇಳಿದು ತಿಳಿಯಾಗಿತ್ತು. ಡಬ್ಬಿಯನ್ನು ನೋಡಿ ನಾನು ದಂಗಾದೆ. ಅದರ ಕಂಬದ ಮೇಲೆ ಅವಳು ಹುಲ್ಲಿನ ಪುಟ್ಟ ಚಪ್ಪರ ಮಾಡಿದ್ದಳು. ಸುತ್ತ ಕಳೆ ಕಿತ್ತು ಸಗಣಿ ಸಾರಿಸಿದ್ದಳು. ಕಾಡಿನ ಅಂಥ ಮಳೆಯಲ್ಲಿ ಇದ್ದೂ ಡಬ್ಬಿಯ ಮೇಲೆ ಒಂದು ಚೂರು ಪಾಚಿ ಇರಲಿಲ್ಲ. ಸಾಹೇಬರು ಮುಚ್ಚಳ ತೆಗೆದರು. ದೀಪ ಮಿಣಕ್ ಅಂದಿತು. ಚಿಪ್ಪಿನ ಮೇಲೆ ಬೆರಳಿಟ್ಟರು.

"ತಣ್ಣಗ ಐತಿ," ಎಂದರು. ಬೆರಳು ತೆಗೆಯದೆ ಮತ್ತೊಮ್ಮೆ ಹೇಳಿದರು. "ಜೀವಂತ ಐತಿ ಮತ್ತ ತಣ್ಣಗ ಐತಿ!"

ಸೆಲ್ಲಿಗೆ ಮೀಟರ್ ಹಿಡಿದರು. ಮುಳ್ಳು ಮೇಲಕ್ಕೆ ಹೋಗಿ ನಿಂತಿತು. ನಾನಂತೂ ಅಲ್ಲೇ ಕುಣಿಯುವುದೊಂದು ಬಾಕಿ. ಆಮೇಲೆ ಅವರು ಗುಂಡಿ ಒತ್ತಿದರು. ಎಷ್ಟನೇ ದಿನ ಎಂದು ಡಬ್ಬಿ ಅಂಕಿಯಲ್ಲಿ ತೋರಿಸಬೇಕು.

ಒಂದು ಎಂದು ತೋರಿಸಿತು.

ಮತ್ತೆ ಒತ್ತಿದರು. ಒಂದು. ಗಾಜು ಒರೆಸಿ ಒತ್ತಿದರು. ಒಂದೇ. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅಷ್ಟರಲ್ಲಿ ಹಿಂದಿನಿಂದ ಬಾಯಿ ಬಂದಳು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ.

"ಈಗಷ್ಟ ಹಾಕೇನ್ರಿ ಸೆಲ್. ರಾತ್ರಿ ಒಲಿ ಮ್ಯಾಲಿನ ತಟ್ಟಿಗೆ ಇಟ್ಟಿದ್ದೆ. ದಿನಾ ಸಂಜೀಕ ತಗೀತಿದ್ದೆ, ಬೆಚ್ಚಗ ಮಾಡಿ ಮುಂಜಾನೆ ಹಾಕ್ತಿದ್ದೆ. ಒಂದ ದಿನಾನೂ ತಪ್ಪಸಿಲ್ರಿ. ನನಗ ಜ್ವರ ಬಂದಾಗ ಅವ್ವಗ ಕಳಸೇನಿ. ನೀವ ಹೇಳಿದ್ರೆಲ್ಲಾ, ಸೆಲ್ ಜ್ವಾಕಿ ಅಂತ."

ನನಗೆ ತಕ್ಷಣ ತಿಳಿಯಿತು. ಊರೂರಿನ ಕಟ್ಟೆಗಳ ಮೇಲೆ ಬಿಸಿಲು ಕಾಯಿಸುವ ಸೆಲ್ಲುಗಳನ್ನು ನೋಡಿ ಬೈದುಕೊಂಡವನಲ್ಲವೇ ನಾನು. ದಿನಾ ಸಂಜೆ ಪಾಟಿ ಒರೆಸಿಹೋಗಿತ್ತು. ಮಳೆಗಾಲದ ಹಳ್ಳ ಪೂರ್ತಿ ಬಂದು ಹೋಗಿತ್ತು, ಡಬ್ಬಿಗೆ ಮಾತ್ರ ಆವತ್ತು ಬೆಳಗಿನಿಂದ ಈಚಿನದಷ್ಟೇ ಗೊತ್ತಿತ್ತು. ಸುಳ್ಳು ಹೇಳುವುದಿಲ್ಲ, ನನಗೆ ಆಕೆಯ ಮೇಲೆ ಸಿಟ್ಟು ಉಕ್ಕಿ ಬಂತು. ಬೈಯಲು ಬಾಯಿ ತೆರೆದೆ ಕೂಡ. ಸಾಹೇಬರು ನನ್ನ ತೋಳು ಹಿಡಿದರು. ಬಿಗಿಯಾಗಿ ಹಿಡಿದಿದ್ದರು, ನೋವಾಗುವಷ್ಟು.

"ಭಾಳ ಚಲೋ ನೋಡಕೊಂಡೀರಿ, ಬಾಯಿ," ಎಂದರು. "ಹೊಸಾ ಸೆಲ್ ಇದ್ದಂಗ ಅದಾವ."

ಅವಳ ಮುಖ ಅರಳಿತು. ನಮ್ಮನ್ನು ಕೂರಿಸಿ ಬೆಲ್ಲದ ಚಹಾ ಕೊಟ್ಟಳು. ಸಾಹೇಬರು ಪೂರ್ತಿ ಕುಡಿದರು. ಹೊರಡುವಾಗ ಅವಳು ಕೇಳಿದಳು, "ಗಂಟಿ ಯಾವಾಗ ಬರತೈತ್ರಿ?"

"ನೋಡೂಣು," ಎಂದರು ಸಾಹೇಬರು. ಡಬ್ಬಿಯನ್ನು ಹೆಗಲ ಚೀಲದಲ್ಲಿ ಹಾಕಿಕೊಂಡು ಮುಂದೆ ನಡೆದರು.

ಲಾರಿಯಲ್ಲಿ ಬಿದಿರಿನ ಮೇಲೆ ಕೂತು ಬರುವಾಗ ನನ್ನ ಬಾಯಿ ಸುಮ್ಮನಿರಲಿಲ್ಲ. ನೀರಿನ ಅಂಕಿಗಳನ್ನು ನಾವೇ ಅಂದಾಜಿಗೆ ಹಾಕಿ ಕೊಟ್ಟರಾಯಿತು ಎಂದೆ. ಮಳೆ ಹೇಗಿತ್ತು ಎಂದು ನಮಗೇನು ಗೊತ್ತಿಲ್ಲವೇ, ಬೆಂಗಳೂರಿನವರು ಬಂದು ಹಳ್ಳವನ್ನು ಕೇಳುತ್ತಾರೆಯೇ ಎಂದೆ. ಅವರು ಬೈಯಲಿಲ್ಲ.

"ಚಿಪ್ಪು ನೆನಪಿಟ್ಟೇತಿ ಅಂತ ತೋರಸಬೇಕಾಗಿತ್ರಿ. ನಾ ನೆನಪಿಟ್ಟೇನಿ ಅಂತ ಅಲ್ಲ." ಸ್ವಲ್ಪ ಹೊತ್ತಾದ ಮೇಲೆ ತಮಗೆ ತಾವೇ ಎಂಬಂತೆ, "ತಪ್ಪು ಅಕೀದಲ್ಲ. ಜ್ವಾಕಿ ಅಂದೆ, ಜ್ವಾಕಿ ಮಾಡಿದ್ಲು," ಎಂದರು.

ಆಮೇಲೆ ಜೊಯಿಡಾ ಬರುವ ತನಕ ಕಣ್ಣು ಮುಚ್ಚಿಕೊಂಡೇ ಇದ್ದರು. ನಿದ್ದೆ ಮಾಡಿರಲಿಕ್ಕಿಲ್ಲ.

ದೀಪಾವಳಿಯ ಹೊತ್ತಿಗೆ ಅವರು ಅಂಚೆ ಕಚೇರಿಯಿಂದ ಬೆಂಗಳೂರಿಗೆ ಟ್ರಂಕ್ ಕಾಲ್ ಮಾಡಿದರು. ನಾನು ಹೊರಗೆ ಕಟ್ಟೆಯ ಮೇಲೆ ಕಾಯುತ್ತಿದ್ದೆ. ಒಳಗೆ ಅವರು ಗಟ್ಟಿಯಾಗಿ ಮಾತಾಡುವುದು ಕೇಳಿಸುತ್ತಿತ್ತು, ಲೈನ್ ಸರಿ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ಇನ್ನೊಂದು ಮಳೆಗಾಲ ಕೊಡಿ ಎಂದು ಕೇಳಿದರು. ಎರಡು ಸಲ ಕೇಳಿದರು, ಎರಡನೆಯ ಸಲ ದನಿ ಸಣ್ಣಗಾಗಿತ್ತು. ಹೊರಗೆ ಬಂದು, "ಹೊರಗಿಂದ ತಯಾರಿದ್ದದ್ದ ತರಸ್ತಾರಂತ. ಕೋಣಿ ಬ್ಯಾರೇದವ್ರಿಗೆ ಕೊಟ್ಟಾರಂತ," ಎಂದರು. ಮೆಟ್ಟಿಲು ಇಳಿಯುವಾಗ ನನ್ನ ಹೆಗಲು ಹಿಡಿದುಕೊಂಡರು. ಅಷ್ಟು ಹಗುರವಿದ್ದರು ಆ ಮನುಷ್ಯ, ಆದರೂ ಆವತ್ತು ಭಾರ ಅನಿಸಿತು.

ಕೆಲವು ದಿನ ಅಂಗಡಿಯ ಕಡೆ ಬರಲಿಲ್ಲ. ಬಂದಾಗ ಡಬ್ಬಿಯನ್ನು ತಂದಿದ್ದರು. ನಾನು ರಿಪೇರಿ ಮಾಡುವ ಮೇಜಿನ ಮೇಲಿನ ಕಪಾಟಿನಲ್ಲಿ ತಾವೇ ಜಾಗ ಮಾಡಿ ಇಟ್ಟರು. ಒಳಗಿದ್ದದ್ದು ಬಾಯಿ ಬೆಚ್ಚಗೆ ಮಾಡಿದ ಅದೇ ಸೆಲ್ಲುಗಳು.

"ಇರಲಿ ಇಲ್ಲೆ. ಸೆಲ್ ತಗೀಬ್ಯಾಡ್ರಿ. ನೋಡೂಣು, ಎಷ್ಟ ದಿನಾ ಬರತಾವ."

"ನಾ ಯಾಕ್ ತಗೀಲ್ರಿ," ಎಂದೆ.

ಅದು ನಡೆಯಿತು. ಆ ಚಳಿಗಾಲ ನಡೆಯಿತು, ಬೇಸಿಗೆ ನಡೆಯಿತು. ಮರುವರ್ಷದ ಮಳೆಗಾಲ ಪೂರ್ತಿ, ನನ್ನ ಅಂಗಡಿಯ ಧೂಳಿನಲ್ಲಿ, ಬೆಸುಗೆಯ ಹೊಗೆಯಲ್ಲಿ, ಯಾರೂ ಮುಟ್ಟದೆ, ಯಾರೂ ಕೇಳದೆ, ಆ ದೀಪ ಹೊತ್ತು ಹೊತ್ತಿಗೆ ಮಿಣಕ್ ಅನ್ನುತ್ತಲೇ ಇತ್ತು. ಸಾಹೇಬರು ಬಂದಾಗ ಗುಂಡಿ ಒತ್ತುತ್ತಿದ್ದರು, ದಿನದ ಅಂಕಿ ಏರಿರುತ್ತಿತ್ತು. ಅದನ್ನು ನೋಡಿ ಬೆಂಚಿಗೆ ಹೋಗಿ ಕೂರುತ್ತಿದ್ದರು. ಮುಖದ ಮೇಲೆ ಸಂತೋಷವೂ ಕಾಣುತ್ತಿರಲಿಲ್ಲ. ಒಮ್ಮೆ ಮಾತ್ರ ನಾನು ತಡೆಯಲಾರದೆ, "ಸಾಹೇಬ್ರ, ನೀವ ಗೆದ್ರೆಲ್ಲಾ. ಮತ್ತೊಮ್ಮೆ ಫೋನ್ ಹಚ್ಚ್ರಿ," ಎಂದೆ. ಕಪಾಟಿನ ಕಡೆ ನೋಡುತ್ತ, "ಕೋಣೀನ ಇಲ್ಲಂದ್ರ ಯಾರಿಗೆ ಹಚ್ಚಲಿ?" ಎಂದರು. ಚಹಾ ತರಿಸಿದೆ.

ಬಾಯಿ ಒಮ್ಮೆ ದಾಂಡೇಲಿಯ ಸಂತೆಗೆ ಬಂದವಳು ಹುಡುಕಿಕೊಂಡು ಅಂಗಡಿಗೆ ಬಂದಿದ್ದಳು. ಅಷ್ಟರಲ್ಲಿ ಸಾಹೇಬರು ಎದೆಯ ತೊಂದರೆಯಿಂದ ಕೆಲಸ ಬಿಟ್ಟು ಧಾರವಾಡಕ್ಕೆ ಹೋಗಿದ್ದರು. ಕಪಾಟಿನಲ್ಲಿ ಡಬ್ಬಿ ಕಂಡ ಕೂಡಲೇ ಗುರುತು ಹಿಡಿದಳು. "ಇದು ಇನ್ನೂ ಜೀವಂತ ಐತಲ್ರಿ!" ಎಂದು ಹಿಗ್ಗಿದಳು. ಗಂಟೆ ತೆಗೆದುಕೊಂಡು ಸಾಹೇಬರು ಬರುವುದಿಲ್ಲವೇ ಎಂದು ಕೇಳಿದಳು. ನಿಜ ಹೇಳಿಬಿಡಬೇಕು ಅನಿಸಿತು. ಆದರೆ ತೋಳಿನ ಮೇಲೆ ಆವತ್ತು ಅವರು ಹಿಡಿದ ಬಿಗಿ ನೆನಪಾಯಿತು. "ಬಂದ್ರ ಹೇಳಿ ಕಳಸ್ತೇನಿ," ಎಂದೆ. ಅವಳು ಟಾರ್ಚಿಗೆ ಸೆಲ್ ಕೇಳಿದಳು. ಯಾವ ಗಿರಾಕಿಗೂ ಮಾಡದ ಕೆಲಸ ಮಾಡಿದೆ. ಪೆಟ್ಟಿಗೆ ಪೂರ್ತಿ ಸುರುವಿ, ಮೀಟರ್ ಹಿಡಿದು, ಅದರಲ್ಲೇ ಗಟ್ಟಿ ಇದ್ದವನ್ನು ಆರಿಸಿ ಕೊಟ್ಟೆ. ಬದನೆಕಾಯಿ ಆರಿಸಿದ ಹಾಗೆ.

ಸಾಹೇಬರು ತೀರಿಕೊಂಡ ಸುದ್ದಿಯನ್ನು ರೇಡಿಯೋ ರಿಪೇರಿಗೆ ತಂದ ಕಾರ್ಖಾನೆಯ ಒಬ್ಬರು ಹೇಳಿದರು. ಹೇಳಿ, ರೇಡಿಯೋ ಯಾವಾಗ ಕೊಡುತ್ತೀರಿ ಎಂದು ಕೇಳಿದರು. ಅವರದೇನೂ ತಪ್ಪಿಲ್ಲ, ಅವರಿಗೆ ರೇಡಿಯೋ ಬೇಕಾಗಿತ್ತು. ನಾನು ಕಪಾಟಿನ ಕಡೆ ನೋಡಿದೆ. ದೀಪ ಆಗಲೂ ಮಿಣಕ್ ಅನ್ನುತ್ತಿತ್ತು. ಆಮೇಲೆ ಯಾವಾಗ ನಿಂತಿತೋ ಗೊತ್ತಿಲ್ಲ. ಅಂಗಡಿ, ಮನೆ, ಮಕ್ಕಳು... ಒಂದು ದಿನ ನೋಡುವಾಗ ನಿಂತಿತ್ತು. ಗುಂಡಿ ಒತ್ತಿದೆ, ಅಂಕಿ ಬರಲಿಲ್ಲ. ಸೆಲ್ ತೆಗೆಯಬೇಡಿ ಎಂದಿದ್ದರಲ್ಲ, ತೆಗೆಯಲಿಲ್ಲ. ಹಾಗೇ ಎತ್ತಿ ಅಟ್ಟಕ್ಕೆ ಇಟ್ಟೆ.

ಮೊನ್ನೆ ತೆರೆದು ನೋಡಿದರೆ ಸೆಲ್ಲುಗಳು ಒಡೆದು, ಅವುಗಳ ನೀರು ಹಸಿರುಗಟ್ಟಿ ಚಿಪ್ಪಿನ ಕಾಲುಗಳನ್ನೆಲ್ಲ ತಿಂದುಹಾಕಿದೆ. ಮೊಣಕಾಲೂರಿ ಬ್ಲೇಡಿನಲ್ಲಿ ಕತ್ತರಿಸಿದ ಗೆರೆಗಳೆಲ್ಲ ಅದರೊಳಗೆ ಎಲ್ಲೋ ಇವೆ. ಬೆರಳಿಟ್ಟು ನೋಡಿದೆ. ತಣ್ಣಗಿತ್ತು. ಅದು ತಣ್ಣಗಿದ್ದರೆ ಸಾಹೇಬರಿಗೆ ಖುಷಿಯಾಗುತ್ತಿತ್ತು...

ಸೊಸೆ ಮೇಲೆ ಬಂದು ಮೂಗು ಮುಚ್ಚಿಕೊಂಡು, ಕೊಡಿ, ಒಗೆದು ಬರುತ್ತೇನೆ ಎಂದಳು. ಡಬ್ಬಿ ಕೊಡಲಿಲ್ಲ. ಹಳೇ ಬನಿಯನ್ನಿನಿಂದ ಒರೆಸಿ, ಸೆಲ್ಲುಗಳನ್ನು ಒಂದೊಂದಾಗಿ ಬಿಡಿಸಿಕೊಂಡು, ಮೆಟ್ಟಿಲು ಹಿಡಿದು ನಿಧಾನ ಇಳಿದೆ. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಬಿಸಿಲು ಬಿದ್ದಿತ್ತು. ಅಲ್ಲಿ ಅವನ್ನು ಸಾಲಾಗಿ ಇಟ್ಟೆ. ಆಯುಷ್ಯ ಪೂರ್ತಿ ಸೆಲ್ ಮಾರಿದವನು ನಾನು. ಒಡೆದ ಸೆಲ್ಲಿಗೆ ಬಿಸಿಲಿನಿಂದ ಜೀವ ಬರುವುದಿಲ್ಲ ಎಂದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

"ಇವೇನ್ ಮಾಡ್ತೀರಿ ಮಾವಾರ, ಸತ್ತ ಸೆಲ್ ತಗೊಂಡು?" ಎಂದಳು ಸೊಸೆ.

"ಇರ್ಲಿ ಬಿಡವಾ," ಎಂದೆ. "ಸಂಜೀತನಕ ಇರ್ಲಿ."